ಹೊಂಗೆ ಮರ ಮತ್ತು ನನ್ನ ಗೇಟಿನ ಕಲ್ಲು

ಬೋಗಾದಿಯ ನಮ್ಮ ಬೀದಿಗೆ ಚರಂಡಿ ಮಾಡಿಸುವಾಗ ಎಲ್ಲರನ್ನೂ ಹೊಂದಿಸುವ ಕೆಲಸ ನನ್ನ ಹೆಗಲಿಗೆ ಬಿತ್ತು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನನಗೆ ಪಕ್ಕದ ಮನೆಯ ಮೇಷ್ಟರೂ ಎದುರುಮನೆಯ ಬ್ಯಾಂಕಿನವರೂ “ನೀವೇ ಮುಂದೆ ನಿಂತ್ಕೊಳ್ಳಿ ಸಾರ್” ಎಂದಾಗ ಒಳಗೊಳಗೇ ಹಿಗ್ಗಿದ್ದೆ. ಗುತ್ತಿಗೆದಾರ ಬಂದ ದಿನ ನೀರಿನ ಪೈಪಿನವರು ಬರುತ್ತಿರಲಿಲ್ಲ. ಇಬ್ಬರೂ ಬಂದ ದಿನ ಎಂಜಿನಿಯರ್ ಇರುತ್ತಿರಲಿಲ್ಲ.

ಆ ಎಂಜಿನಿಯರ್ ನನ್ನೊಬ್ಬನ ಹತ್ತಿರ ಎರಡು ದಾರಿ ಹೇಳಿದ್ದರು. ಎದುರುಸಾಲಿನಲ್ಲಿ ತೋಡಿದರೆ ಅಲ್ಲಿರುವ ಹೊಂಗೆ ಮರ ಹೋಗುತ್ತದೆ. ನಮ್ಮ ಸಾಲಿನಲ್ಲಿ ತೋಡಿದರೆ ಗೇಟುಗಳ ಮುಂದಿನ ಇಳಿಜಾರು ಒಡೆಯಬೇಕು. ನನ್ನ ಗೇಟಿನ ಮುಂದೆ, ಕಾರು ನಿಲ್ಲಿಸುವ ಜಾಗಕ್ಕೆ, ಆಗಷ್ಟೇ ಗ್ರಾನೈಟ್ ಹಾಸಿಸಿದ್ದೆ. ಎರಡನೆಯ ದಾರಿಯನ್ನು ಯಾರಿಗೂ ಹೇಳಲಿಲ್ಲ.

ಮನೆಮನೆಗೆ ಹೋದೆ. “ಮರ ತೆಗೀಲೇಬೇಕಂತೆ. ಉಳಿದವರೆಲ್ಲ ಒಪ್ಪಿದ್ದಾರೆ, ನಿಮ್ಮದೊಂದೇ ಬಾಕಿ” ಎಂದು ಮೊದಲನೆಯ ಮನೆಯಲ್ಲೇ ಹೇಳಿದೆ. “ಎಲ್ರೂ ಒಪ್ಪಿದ ಮೇಲೆ ನಂದೇನು ತಕರಾರು?” ಎಂದರು. ಪ್ರತಿ ಮನೆಯಲ್ಲೂ ಅದೇ ಮಾತು, ಅದೇ ಉತ್ತರ.

ಆ ಮರದಡಿ ಗಾಡಿ ನಿಲ್ಲಿಸಿಕೊಂಡು ಬೀದಿಯವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹೆಂಗಸನ್ನು ಮಾತ್ರ ಕೇಳಲಿಲ್ಲ. ಅವರಿಗೆ ನಮ್ಮ ಬೀದಿಯಲ್ಲಿ ಮನೆ ಇರಲಿಲ್ಲ.

ಮರ ಉರುಳಿಸಿ ಚರಂಡಿ ಕೆಲಸ ಮುಗಿದ ದಿನ ಕಾಫಿ ಕುಡಿಯುತ್ತ ಮೇಷ್ಟರು, “ಮರ ಕಡಿಸೋದು ನಂಗೆ ಸುತರಾಂ ಇಷ್ಟ ಇರ್ಲಿಲ್ಲ ಕಣ್ರೀ” ಎಂದರು.

“ಅಯ್ಯೋ, ನಮಗೂ ಇರ್ಲಿಲ್ಲ. ನೀವು ಒಪ್ಪಿದ್ರಿ ಅಂತ ಸುಮ್ಮನಾದ್ವಿ” ಎಂದರು ಬ್ಯಾಂಕಿನವರು.

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಇನ್ನೊಂದು ಸುತ್ತು ಕಾಫಿ ತರಿಸಿದೆ.

ಆ ಬೇಸಿಗೆಯಲ್ಲಿ ಇಸ್ತ್ರಿಯಾಕೆ ತಲೆಗೆ ಒದ್ದೆ ಟವೆಲ್ ಹಾಕಿಕೊಂಡು, ಮೇಲೆ ಬಿಸಿಲು, ಕೈಯಲ್ಲಿ ಕೆಂಡದ ಪೆಟ್ಟಿಗೆ, ಹಾಗೇ ದುಡಿದರು. ಅಂಗಿ ಕೊಡಲು ಹೋದಾಗಲೆಲ್ಲ ಎಣಿಸಿ ಕೊಟ್ಟು ವಾಪಸಾಗುತ್ತಿದ್ದೆ. ಕೊನೆಗೊಂದು ದಿನ ಆ ಎರಡನೆಯ ದಾರಿಯ ವಿಷಯ ಹೇಳಿಬಿಟ್ಟೆ.

ಆಕೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. “ಒಂದು ಕಲ್ಲು ಉಳ್ಸಕ್ಕೆ ಮರ ಕಡಿಸ್ಬುಟ್ರಾ ಸಾರ್?”

“ಹೌದಮ್ಮ. ತಪ್ಪಾಯ್ತು.”

“ತಪ್ಪಾಯ್ತು ಅಂದ್ರೆ ನೆರಳು ಬತ್ತದಾ?” ಎಂದವರು ನನ್ನ ಗೇಟಿನ ಕಡೆ ನೋಡಿದರು. “ಮಧ್ಯಾಹ್ನದ ಮ್ಯಾಲೆ ನಿಮ್ಮನೆ ನೆರಳು ಆ ಕಲ್ಲಿನ ಮ್ಯಾಲೆ ಬೀಳ್ತದೆ. ಗಾಡಿ ಅಲ್ಲೇ ನಿಲ್ಲಿಸ್ತೀನಿ. ನಿಮ್ಮ ಕಾರು ಇಲ್ಲಿ ಬಿಸ್ಲು ಕಾಯ್ಲಿ.”

ಹಾಗೇ ಆಯಿತು. ಬಟ್ಟೆ ತಂದವರು “ದೊಡ್ಡ ಮನಸ್ಸು ಸಾರ್ ನಿಮ್ದು” ಎಂದರೆ ಮೊದಮೊದಲು ಸುಮ್ಮನೆ ನಗುತ್ತಿದ್ದೆ. ಈಗ ಕಾರಣ ಹೇಳುತ್ತೇನೆ. ಬೆಳಗಿನ ಹೊತ್ತು ಆಕೆಗೆ ಈಗಲೂ ಬಿಸಿಲೇ.