ಒಲೆಯ ಪಕ್ಕದ ಕಿಂಡಿ

ನಮ್ಮ ಮನೆಗೆ ಬಂದ ಹೆಂಗಸರು ಅಡುಗೆಮನೆಗೆ ಕಾಲಿಟ್ಟ ಕೂಡಲೇ ನೋಡುವುದು ಒಲೆಯ ಪಕ್ಕದ ಗೋಡೆಯಲ್ಲಿರುವ ಗೂಡನ್ನು. ಬಿಳಿ ಟೈಲ್ಸ್ ನಡುವೆ ಮೊಳದಗಲದ ಗೂಡು, ಅದರಲ್ಲೊಂದು ಗಾಜಿನ ಬಾಟಲಿ, ಬಾಟಲಿಯಿಂದ ಇಳಿಬಿದ್ದ ಮನಿಪ್ಲಾಂಟ್ ಬಳ್ಳಿ. “ಭಾಳ ಛಂದ ಮಾಡ್ಸೀರಿ ಟೀಚರ. ಇಲ್ಲಿ ನಿಂತ್ರ ಮನಸ್ಸು ತಣ್ಣಗ ಆಗ್ತದ” ಎನ್ನುತ್ತಾರೆ. ನಾನು ಹೌದ್ರಿ ಅಂದು ಚಹಾಕ್ಕೆ ನೀರಿಡುತ್ತೇನೆ. ಅದು ಮೊದಲು ಗೂಡಲ್ಲ, ಗೋಡೆಯಾಚೆಗೆ ತೆರೆದ ಆರ್‌ಪಾರ್ ಕಿಂಡಿಯಾಗಿತ್ತು ಎಂದು ಬಂದವರಿಗೆಲ್ಲ ಹೇಳುತ್ತ ಕೂಡಲು ಆಗುವುದಿಲ್ಲ.

ಸುರಪುರದ ಗುಡ್ಡದ ಇಳಿಜಾರಿನಲ್ಲಿ ನಮ್ಮ ಮನೆ. ನಾನು ಮದುವೆಯಾಗಿ ಬಂದಾಗ ಅದು ಒಂದೇ ಮನೆ. ಮುಂದೆ ನಮ್ಮ ಮನೆಯವರೂ ಅವರ ಅಣ್ಣನೂ ಪಾಲಾದರು. ಜಗಳವೇನೂ ಆಗಲಿಲ್ಲ. ಮಕ್ಕಳು ದೊಡ್ಡವರಾದರು, ಜಾಗ ಸಾಲದಾಯಿತು, ಅಷ್ಟೆ. ಮೇಲಿನ ಓಣಿಗೆ ಬಾಗಿಲಿದ್ದ ಭಾಗ ಭಾವನವರಿಗೆ, ಕೆಳಗಿನ ಓಣಿಗೆ ಬಾಗಿಲಿದ್ದದ್ದು ನಮಗೆ. ನಡುವೆ ಗೋಡೆ ಏಳುವ ದಿನ ಭಾವನವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವಳು, ಗೌಂಡಿಯ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

“ಗಂಡಸ್ರು ಪಾಲಾಗ್ಯಾರಪ್ಪ, ನಮ್ಮ ರೊಟ್ಟಿ ಪಾಲಾಗಿಲ್ಲ. ಇಲ್ಲಿ ಒಂದು ಬುಟ್ಟಿ ಹಾಯೋವಷ್ಟು ಬಿಡು.”

ಗೌಂಡಿ ಭಾವನವರ ಮುಖ ನೋಡಿದ. ಭಾವನವರಿಗೆ ಕಿವಿ ಮಂದ. ಕೇಳಿಸಿತೋ ಇಲ್ಲವೋ, ತಲೆ ಅಲ್ಲಾಡಿಸಿದರು. ಕಿಂಡಿ ಉಳಿಯಿತು.

ಅವಳ ಅಡುಗೆಮನೆಯ ನೆಲ ನಮ್ಮದಕ್ಕಿಂತ ಸೊಂಟದಷ್ಟು ಎತ್ತರ. ಅವಳು ನೆಲದ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಈಚೆ ನಿಂತ ನನಗೆ ಕಿಂಡಿಯಲ್ಲಿ ಕಾಣುತ್ತಿದ್ದದ್ದು ಅವಳ ಎರಡು ಕೈ, ಹಸಿರು ಬಳೆ, ಹಿಟ್ಟು ನಾದುವ ಪರಾತಿನ ಅಂಚು. ಮುಖ ಕಾಣುತ್ತಿರಲಿಲ್ಲ. ಎಷ್ಟೋ ವರ್ಷ ನಾನು ಬೆಳಗಿನ ಹೊತ್ತು ಆ ಕೈಗಳ ಜೊತೆಗೇ ಮಾತಾಡಿದ್ದೇನೆ. ಎರಡೂ ಮನೆಯ ರೊಟ್ಟಿ ಅವಳದು, ಎರಡೂ ಮನೆಯ ಪಲ್ಯ ನನ್ನದು. ಇದನ್ನು ಯಾರೂ ಕೂತು ಗೊತ್ತುಮಾಡಿದ್ದಲ್ಲ. ನನಗೆ ಶಾಲೆಗೆ ಹೊರಡುವ ಅವಸರ, ಮೇಲಾಗಿ ನನ್ನ ಕೈಗೆ ಜೋಳದ ಹಿಟ್ಟು ಒಗ್ಗಲೇ ಇಲ್ಲ.

“ನಿನ್ನ ರೊಟ್ಟಿ ನೋಡಿದ್ರ ಬ್ಯಾಸಗಿ ಎರಿ ಹೊಲ ನೆನಪಾಗ್ತದ ತಂಗಿ. ಎತ್ತಿನ ಕಾಲು ಸಿಗಬೀಳೋವಷ್ಟು ಬಿರುಕು.”

“ನಾಳಿಂದ ನೀ ಸಾಲಿಗಿ ಹೋಗಿ ಮಗ್ಗಿ ಕಲಿಸು, ನಾ ಇಲ್ಲೇ ಕೂತು ಬಡಿಯೋದು ಕಲೀತೇನಿ.”

“ಬ್ಯಾಡವಾ. ಎರಡೂ ಮನಿ ಉಪಾಸ ಬೀಳ್ತಾವ.”

ಕಿಂಡಿಯಲ್ಲಿ ಹಾದುಹೋಗುತ್ತಿದ್ದದ್ದು ರೊಟ್ಟಿ ಪಲ್ಯ ಮಾತ್ರವಲ್ಲ. ನಾಲ್ಕು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ, ಹೆಪ್ಪಿಗೆ ಎರಡು ಚಮಚ ಮಜ್ಜಿಗೆ, ಅರ್ಧ ನಿಂಬೆಹಣ್ಣು. ಇವೆಲ್ಲ ಓಡಾಡುತ್ತಿದ್ದದ್ದು ಅವಳ ತವರಿನ ಒಂದು ಕಂಚಿನ ಬಟ್ಟಲಿನಲ್ಲಿ. ಅಂಚಿನಲ್ಲಿ ಒಂದು ಕಡೆ ನೆಗ್ಗಿತ್ತು. ಬಂದ ಬಟ್ಟಲನ್ನು ಬರಿದಾಗಿ ತಿರುಗಿ ಕೊಡಬಾರದು ಎಂಬುದು ನಮ್ಮ ಕಡೆ ಮನೆಮನೆಯ ಪದ್ಧತಿ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಹೀಗಾಗಿ ಆ ಬಟ್ಟಲಿಗೆ ಯಾವ ಮನೆಯಲ್ಲೂ ಸ್ವಂತ ಜಾಗವಿರಲಿಲ್ಲ. ಕಿಂಡಿಯೇ ಅದರ ಜಾಗ.

ಮನೆಯನ್ನು ಹಗುರ ಮಾಡಬೇಕೆಂಬ ಆಸೆ ನನಗೆ ಒಮ್ಮೆಲೇ ಬಂದದ್ದಲ್ಲ. ದಿನವಿಡೀ ಶಾಲೆಯ ಗದ್ದಲದಲ್ಲಿದ್ದು ಮನೆಗೆ ಬಂದರೆ ಮನೆಯೂ ಗದ್ದಲ ಮಾಡುತ್ತಿದೆ ಅನಿಸುತ್ತಿತ್ತು. ಎರಡು ಖೋಲಿ, ಒಂದು ಅಡುಗೆಮನೆ. ಮದುವೆಯಲ್ಲಿ ಬಂದ ಹಂಡೆ ಕೊಡಗಳು ಅಟ್ಟದ ತುಂಬ, ಗೋಡೆಗೆ ಹಳೆಯ ಕ್ಯಾಲೆಂಡರು, ಬಾಗಿಲ ಹಿಂದೆ ಮಡಿಸಿಟ್ಟ ಪ್ಲಾಸ್ಟಿಕ್ ಚೀಲಗಳು. ಮಗಳು ಪಡಸಾಲೆಯಲ್ಲಿ ಕೂತು ಓದುವಾಗ ಕಿಂಡಿಯಿಂದ ಭಾವನವರ ಟಿವಿ ಕೇಳುತ್ತಿತ್ತು. ಕಿವಿ ಮಂದವಾದವರ ಟಿವಿ. ಒಲೆಯ ಹೊಗೆ ಬರುತ್ತಿತ್ತು, ಒಗ್ಗರಣೆಯ ಘಾಟು ಬರುತ್ತಿತ್ತು. ಅಕ್ಕ ಭಾವನವರನ್ನು ಬೈಯುವ ಪ್ರತಿ ಮಾತೂ ಬರುತ್ತಿತ್ತು.

ಒಂದು ಬೇಸಿಗೆ ರಜೆಯಲ್ಲಿ ಶುರುಮಾಡಿದೆ. ಬಳಸದ ಪಾತ್ರೆಗಳನ್ನು ಬೇಕಾದವರಿಗೆ ಕೊಟ್ಟೆ. ಕ್ಯಾಲೆಂಡರು ತೆಗೆದು ಗೋಡೆಗೆ ತಿಳಿ ಬಣ್ಣ ಹೊಡೆಸಿದೆವು. ಮಗಳು ಚಿಕ್ಕವಳಿದ್ದಾಗ ಬಿಡಿಸಿದ ನವಿಲಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆ. ಆ ಕೆಲಸದ ಸುಖ ಸುಳ್ಳಲ್ಲ. ಶಾಲೆಯಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಬಂದರೆ ಭುಜ ತಾನೇ ಇಳಿಯುತ್ತಿತ್ತು. ಕೊನೆಗೆ ಉಳಿದದ್ದು ಅಡುಗೆಮನೆ. ಶಹಾಪುರದಿಂದ ಟೈಲ್ಸ್ ತಂದೆವು. ಕೂರಿಸಲು ಬಂದವನು ಕಿಂಡಿಯ ಅಂಚಿಗೆ ಕೈಯಾಡಿಸಿ, “ಈ ತೂತಿನ ಸುತ್ತ ಟೈಲ್ಸ್ ನೀಟ್ ಕುಂಡ್ರಂಗಿಲ್ರಿ ಮೇಡಂ. ಆ ಕಡಿಂದ ಇಟ್ಟಂಗಿ ಇಟ್ಟು ಮುಚ್ಚಿ, ಈ ಕಡಿ ಗೂಡು ಮಾಡಿಕೊಡ್ತೇನಿ. ಶೋ ಬರ್ತದ” ಅಂದ.

ನಾನು ಕಿಂಡಿಯಲ್ಲೇ ಅಕ್ಕನನ್ನು ಕೇಳಿದೆ. ಹಿಟ್ಟು ನಾದುತ್ತಿದ್ದ ಕೈ ಒಂದು ಕ್ಷಣ ನಿಂತಿತು.

“ಮುಚ್ಚವಾ. ನಿನ್ನ ಮನಿ. ನಾನೇನು ಕಿಂಡ್ಯಾಗ ಇರಾಕೇನು?”

“ನಿನಗ ಬ್ಯಾಸರ ಇಲ್ಲಲ್ಲ?”

“ಬಾಗಲಾ ಅದಾವಲ್ಲ ತಂಗಿ. ಕಾಲೂ ಅದಾವ.” ಕೈ ಮತ್ತೆ ನಾದತೊಡಗಿತು.

ಮುಖ ಕಂಡಿದ್ದರೆ ನಾನು ಏನಾದರೂ ಬೇರೆ ತಿಳಿಯುತ್ತಿದ್ದೆನೋ ಏನೋ. ಕೈ ನೋಡಿ ಆ ಹೊತ್ತು ನನಗೆ ತಿಳಿಯಲಿಲ್ಲ.

ಮುಚ್ಚುವ ದಿನ ನಮ್ಮ ಒಲೆ ಬಿಚ್ಚಿಟ್ಟಿದ್ದೆವು. ಅಂದಿನ ಊಟ ಅವಳದೇ. ಇಟ್ಟಂಗಿಯ ಸಾಲು ಏರುತ್ತಿದ್ದಂತೆ ಉಳಿದ ಸಂದಿಯಲ್ಲಿ ಮೊದಲು ರೊಟ್ಟಿ ಬುಟ್ಟಿ ಬಂತು, ಆಮೇಲೆ ಕೆಲಸದವನಿಗೆ ಚಹಾ, ಕೊನೆಗೆ ಪುಂಡಿ ಪಲ್ಯ ತುಂಬಿದ ಕಂಚಿನ ಬಟ್ಟಲು. “ಬಿಸಿ ಅದ, ಸೆರಗಿನ್ಯಾಗ ಹಿಡಿ” ಅಂದಳು. ನಾನು ಹಿಡಿದೆ. ಊಟ ಮುಗಿಯುವಷ್ಟರಲ್ಲಿ ಗೋಡೆಯೂ ಮುಗಿದಿತ್ತು. ಬಟ್ಟಲು ನನ್ನ ಕಡೆ ಉಳಿಯಿತು.

ತೊಳೆದು ಒರೆಸಿ ಹೊಸ ಗೂಡಿನಲ್ಲಿಟ್ಟೆ. ನಾಳೆ ಕೊಟ್ಟರಾಯಿತು ಅಂದುಕೊಂಡೆ. ಬರಿದು ಕೊಡುವ ಹಾಗಿಲ್ಲ, ಏನು ಹಾಕಿ ಕೊಡಲಿ? ಕಿಂಡಿ ಇದ್ದಾಗ ಈ ಪ್ರಶ್ನೆ ಇರಲಿಲ್ಲ. ಕಿಂಡಿಗೆ ನಾಲ್ಕು ಮೆಣಸಿನಕಾಯಿ ಸಾಕಿತ್ತು. ಈಗ ಅವಳ ಬಾಗಿಲಿಗೆ ಹೋಗಬೇಕೆಂದರೆ ನೈಟಿ ಬಿಟ್ಟು ಸೀರೆ ಉಡಬೇಕು, ಕೆಳಗಿನ ಓಣಿ ದಾಟಿ, ಕಟ್ಟೆಯ ಮೇಲೆ ಕೂತವರಿಗೆಲ್ಲ ಎಲ್ಲಿಗೆ ಏನು ಅಂತ ಜವಾಬು ಕೊಟ್ಟು, ಕಲ್ಲು ಮೆಟ್ಟಿಲು ಹತ್ತಿ ಮೇಲಿನ ಓಣಿಗೆ ಹೋಗಬೇಕು. ಒಮ್ಮೆ ಕೊತ್ತಂಬರಿ ಹಾಕಿಕೊಂಡು ಹೊರಟಿದ್ದೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿದರು.

“ನಾಕೆಸಳು ಕೊತ್ತಂಬರಿ ಹಿಡ್ಕೊಂಡು ಗುಡ್ಡ ಹತ್ತಾಕತ್ತಿ? ನೋಡಿದವ್ರು ನಗ್ತಾರ. ಹೋಳಿಗಿ ಮಾಡಿದಾಗ ಒಯ್ಯಿ.”

ಅದೂ ಸರಿ ಅನಿಸಿತು. ಹೋಳಿಗೆ ಮಾಡಿದ ಹಬ್ಬಕ್ಕೆ ಅಕ್ಕನ ಮನೆಯವರೇ ಹೊಲಕ್ಕೆ ಹೋಗಿದ್ದರು. ಮುಂದಿನ ಹಬ್ಬಕ್ಕೆ ನನಗೆ ಜ್ವರ. ಬಟ್ಟಲು ದಿನ ಹೋದಂತೆ ಒಳ್ಳೆಯದೇ ಏನಾದರೂ ಬೇಕು ಎಂದು ಕೇಳತೊಡಗಿತು. ತಡವಾದಷ್ಟೂ ಅದರಲ್ಲಿ ಹಾಕುವ ವಸ್ತು ದೊಡ್ಡದಾಗಿರಬೇಕು ಎನಿಸುತ್ತಿತ್ತು.

ಅಕ್ಕ ಮಾತ್ರ ಮೊದಲ ದಿನಗಳಲ್ಲಿ ತಪ್ಪದೆ ಬಂದಳು. ಮುಂಜಾನೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಇಳಿದು ಬರುತ್ತಿದ್ದಳು. ಬಾಗಿಲಲ್ಲೇ ನಿಂತು ಕೊಟ್ಟು, “ಒಲಿ ಮ್ಯಾಲ ಹಾಲಿಟ್ಟೇನಿ” ಅಂತ ತಿರುಗುತ್ತಿದ್ದಳು. ಕಿಂಡಿಯಲ್ಲಿ ಕೈ ಕೆಲಸ ಮಾಡುತ್ತಲೇ ಮಾತಾಡುತ್ತಿತ್ತು. ಬಾಗಿಲಲ್ಲಿ ಕೆಲಸ ಬಿಟ್ಟು ಬಂದವಳಿಗೆ ಮಾತಿಗೆ ಪುರುಸೊತ್ತಿರಲಿಲ್ಲ. ಅವಳ ಮೊಣಕಾಲು ನೋವು ನನಗೆ ಗೊತ್ತಿತ್ತು. ಇಳಿಯುವಾಗ ಒಂದೊಂದು ಮೆಟ್ಟಿಲಿಗೆ ಗೋಡೆ ಹಿಡಿಯುವುದನ್ನು ನೋಡಿದ ದಿನ ಹೇಳಿಯೇಬಿಟ್ಟೆ.

“ಯಾಕ ಕಾಲು ನೋಯಿಸ್ಕೋತಿ ಅಕ್ಕಾ? ಬಸ್‌ಸ್ಟ್ಯಾಂಡಿನ ಹಂತ್ಯಾಕ ರೊಟ್ಟಿ ಮಾರ್ತಾರ. ನಾ ಸಾಲಿಯಿಂದ ಬರೂವಾಗ ತರ್ತೇನಿ.”

ಅವಳು ಬುಟ್ಟಿಯ ಮೇಲಿನ ಬಟ್ಟೆಯನ್ನು ಮಡಿಸಿದಳು. “ಹಾಂಗಾದ್ರ ಹಾಂಗ” ಅಂದಳು.

ಮರುದಿನದಿಂದ ಬರಲಿಲ್ಲ. ಅವಳಿಗೆ ಆರಾಮವಾಯಿತು ಎಂದು ನಾನು ಮನಸ್ಸಿನಲ್ಲಿ ಸಮಾಧಾನಪಟ್ಟೆ. ಬೆಳಿಗ್ಗೆ ಹೊಸ ಗ್ಯಾಸ್ ಒಲೆಯ ಮುಂದೆ ನಿಂತಾಗ ಗೋಡೆಯಾಚೆಯಿಂದ ಏನೂ ಕೇಳುತ್ತಿರಲಿಲ್ಲ. ಆದರೆ ಗೂಡಿನೊಳಗೆ ಕೈಯಿಟ್ಟರೆ ಹಿಂಬದಿ ಬೆಚ್ಚಗಿರುತ್ತಿತ್ತು. ಆಚೆ ಅವಳ ಒಲೆ ಉರಿಯುತ್ತಿದೆ, ರೊಟ್ಟಿ ಬಡಿಯುತ್ತಿದ್ದಾಳೆ, ಒಂದೇ ಮನೆಗೆ ಸಾಕಾಗುವಷ್ಟು. ಇಷ್ಟು ಗೊತ್ತಾಗುತ್ತಿತ್ತು. ಅಷ್ಟೇ ಸಾಕು ಎಂಬಂತೆ ದಿನ ದೂಡಿದೆ.

ಅವಳ ಮಗನಿಗೆ ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸ. ಸೈದಾಪುರದಲ್ಲಿ ಸಣ್ಣ ಮನೆ ಕಟ್ಟಿಸಿದ. ಸೊಸೆಯೂ ಕೆಲಸಕ್ಕೆ ಹೋಗುವವಳು, ಕೂಸು ಸಣ್ಣದು. ಹೊಲವನ್ನು ಬೇರೆಯವರಿಗೆ ಕೊಟ್ಟು ಅಕ್ಕ ಭಾವ ಇಬ್ಬರೂ ಅಲ್ಲಿಗೇ ಹೋಗುವುದೆಂದಾಯಿತು. ಈ ಸುದ್ದಿ ನನಗೆ ಹೇಳಿದ್ದು ಅಕ್ಕನಲ್ಲ, ಕಟ್ಟೆಯ ಮೇಲೆ ಕೂತವರು. ಕಿಂಡಿ ಇದ್ದಿದ್ದರೆ ಅವಳ ಮನಸ್ಸಿಗೆ ಬರುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ರವಿವಾರ ಹೋಳಿಗೆ ಮಾಡಿ ಬಟ್ಟಲು ಒಯ್ಯಬೇಕೆಂದು ಕಡಲೆಬೇಳೆ ತರಿಸಿದೆ. ಕೂಸಿಗೆ ಆರಾಮಿಲ್ಲವೆಂದು ಫೋನು ಬಂದು ಅವರು ಶುಕ್ರವಾರವೇ ಹೊರಟರಂತೆ. ನಾನು ಶಾಲೆಯಲ್ಲಿದ್ದೆ. ಸಂಜೆ ಬಂದು ಗೂಡಿನಲ್ಲಿ ಕೈಯಿಟ್ಟೆ. ತಣ್ಣಗಿತ್ತು.

ಆಮೇಲೆ ಬಟ್ಟಲನ್ನು ನೋಡಲಾಗದೆ ಕಪಾಟಿನೊಳಗೆ ಇಟ್ಟು, ಆ ಜಾಗದಲ್ಲಿ ಬಳ್ಳಿಯ ಬಾಟಲಿ ತಂದಿಟ್ಟೆ.

ನಾನು ಸೈದಾಪುರಕ್ಕೆ ಹೋದದ್ದು ತಿಂಗಳುಗಳು ಕಳೆದ ಮೇಲೆ. ಹೋಳಿಗೆಯ ಆಸೆ ಬಿಟ್ಟು, ಅವಳು ಕೊಟ್ಟ ಹಾಗೇ ಪುಂಡಿ ಪಲ್ಯ ಮಾಡಿ, ಬಟ್ಟಲಿಗೆ ತಟ್ಟೆ ಮುಚ್ಚಿ ಬಟ್ಟೆಯಲ್ಲಿ ಬಿಗಿದು ಕಟ್ಟಿದೆ. ಬಸ್ಸಿನಲ್ಲಿ ಯಾದಗಿರಿ, ಅಲ್ಲಿಂದ ರೈಲು. ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದೆ.

ಅಕ್ಕ ಬಾಗಿಲು ತೆಗೆದಳು. ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಗಂಟನ್ನು.

“ಬಟ್ಟಲ ಕೊಡಾಕ ರೈಲು ಹತ್ತಿ ಬಂದಿಯೇನು? ಮ್ಯಾಲಿನ ಓಣಿಗಿ ಬರಾಕ ಆಗಲಿಲ್ಲ ನಿನಗ.”

ನಗುತ್ತಲೇ ಅಂದಳು. ನಾನೂ ನಕ್ಕೆ. ಹೇಳಬೇಕೆಂದುಕೊಂಡದ್ದೆಲ್ಲ ಆ ನಗೆಯಲ್ಲಿ ಹೋಯಿತು.

ಸೊಸೆ ಒಳ್ಳೆಯ ಹುಡುಗಿ. ಕೈಕಾಲಿಗೆ ನೀರು ಕೊಟ್ಟು, ಕೈಹಿಡಿದು ಅಡುಗೆಮನೆಗೆ ಕರೆದೊಯ್ದಳು. “ನೋಡ್ರಿ ಸಣ್ಣತ್ತಿ, ನಿಮ್ಮ ಅಡಗಿಮನಿ ಫೋಟೋ ತೋರಿಸೇ ಮಾಡ್ಸೀವ್ರಿ. ಗೂಡು ಸುದ್ಧಾ.” ಬಿಳಿ ಟೈಲ್ಸ್, ಮುಚ್ಚಿದ ಕಪಾಟು, ಹೊರಗೆ ಒಂದು ಚಮಚವೂ ಇಲ್ಲ. ಗ್ಯಾಸ್ ಒಲೆಯ ಪಕ್ಕ ಗೂಡು, ಗೂಡಿನಲ್ಲಿ ಬಳ್ಳಿಯ ಬಾಟಲಿ. ಹಿಟ್ಟಿನ ಡಬ್ಬಿ ಕಾಣಲಿಲ್ಲ. ರೊಟ್ಟಿ ಅಂಗಡಿಯಿಂದ ಬರುತ್ತದಂತೆ. “ಅತ್ತಿಯವ್ರಿಗಿ ಕಾಲು ನೋಯ್ತಾವ್ರಿ, ಮತ್ಯಾಕ ಬಡಿಯೋದು ಅಂತ ತರ್ಸೇ ಬಿಡ್ತೀವ್ರಿ” ಅಂದಳು. ನಾನೂ ಅದನ್ನೇ ಅಂದಿದ್ದೆ, ಹೆಚ್ಚುಕಡಿಮೆ ಅದೇ ಮಾತಿನಲ್ಲಿ.

ಅಕ್ಕ ನನ್ನ ಹಿಂದೆಯೇ ಬಂದು ನಿಂತಿದ್ದಳು. ಬೆರಳ ಗೆಣ್ಣಿನಿಂದ ಗೂಡಿನ ಹಿಂಬದಿಯನ್ನು ಬಡಿದು ತೋರಿಸಿದಳು.

“ಇದರ ಹಿಂದ ಯಾರೂ ಇಲ್ಲ ತಂಗಿ. ಬಯಲು.”

ಊಟಕ್ಕೆ ಕೂತಾಗ ಪುಂಡಿ ಪಲ್ಯ ಬಡಿಸಿಕೊಂಡು ಭಾವನವರು ಜೋರು ದನಿಯಲ್ಲಿ, “ಇದು ನಮ್ಮ ಮನಿ ಪಲ್ಯ” ಅಂದರು. ಊಟವಾದ ಮೇಲೆ ಅಕ್ಕ ಬಟ್ಟಲನ್ನು ತಾನೇ ತೊಳೆದಳು. ಸೆರಗಿನಿಂದ ಒರೆಸಿ, ಒಂದು ಕಪಾಟು ತೆಗೆದಳು, ಮುಚ್ಚಿದಳು. ಇನ್ನೊಂದು ತೆಗೆದಳು.

“ಏನು ಬೇಕ್ರಿ ಅತ್ತಿ? ನಾ ಕೊಡ್ತೇನಲ್ಲ” ಎಂದು ಸೊಸೆ ಎದ್ದಳು.

“ಏನಿಲ್ಲ. ಕೂಡು.”

ಹೊರಡುವಾಗ ಬಟ್ಟಲು ಅವಳ ಕೈಯಲ್ಲೇ ಇತ್ತು. ಬಾಗಿಲವರೆಗೆ ಹಿಡಿದುಕೊಂಡೇ ಬಂದಳು. ಇಷ್ಟು ವರ್ಷದಲ್ಲಿ ಆ ಕೈ ಬರಿಬಟ್ಟಲು ಹಿಡಿದು ನಿಂತದ್ದನ್ನು ನಾನು ನೋಡಿರಲಿಲ್ಲ.

“ಬರಿದು ಕೊಡಂಗಿಲ್ಲ. ಇಲ್ಲೇ ಇರ್ಲಿ. ಏನರೆ ಮಾಡಿದಾಗ ತಗೊಂಡು ಬರ್ತೇನಿ.”

ಆ ಮಾತು ಎಷ್ಟು ಉದ್ದವಾಗಬಲ್ಲದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆಯಿತು ಅಕ್ಕಾ ಅಂದು ಮೆಟ್ಟಿಲಿಳಿದೆ.

ಈಗ ಮುಂಜಾನೆ ನಾನೇ ರೊಟ್ಟಿ ಬಡಿಯುತ್ತೇನೆ. ಬಿರುಕು ಬಿಡುತ್ತವೆ. ನಮ್ಮ ಮನೆಯವರು ಏನೂ ಅನ್ನದೆ ಉಣ್ಣುತ್ತಾರೆ. ಗೋಡೆ ಒಡೆಸೋಣವೆಂದರೆ ಆಚೆ ಬೀಗ ಹಾಕಿದ ಮನೆ, ಬರೀ ಧೂಳು ಬರುತ್ತದೆ. ಫೋನಿನಲ್ಲಿ ವಾರಕ್ಕೊಮ್ಮೆ ಮಾತಾಗುತ್ತದೆ. ಮೊನ್ನೆ ಕೇಳಿದೆ, ಬಟ್ಟಲು ಎಲ್ಲಿಟ್ಟಿ ಅಂತ.

“ಗೂಡಿನ್ಯಾಗ ಇಟ್ಟೇನಿ. ಬಾಟ್ಲಿ ತೆಗೆದು ಕೆಳಗ ಇಡ್ತೇನಿ. ಸೊಸಿ ಬಂದು ಮತ್ತ ಬಾಟ್ಲಿ ಇಡ್ತಾಳ, ಬಟ್ಟಲ ಒಳಗ ಇಡ್ತಾಳ. ಪಾಪ, ಛಂದ ಕಾಣ್ಲಿ ಅಂತ. ಆಕಿ ಕೆಲಸಕ್ಕ ಹೋದ ಮ್ಯಾಲ ನಾ ಮತ್ತ ತೆಗೀತೇನಿ.”

“ಅದರಾಗ ಏನರೆ ಹಾಕಿಡ್ತಿಯೇನು?”

ಆ ಕಡೆ ಕೂಸು ಅಳತೊಡಗಿತು, ಅವಳು ಅದನ್ನು ಎತ್ತಿಕೊಂಡದ್ದು ಕೇಳಿಸಿತು.

“ಇನ್ನಾ ಏನೂ ಇಲ್ಲ” ಅಂದಳು.