ಗೊಂಬಿಗೆ ಎಲ್ಲಿ ನೋವು

ಬರ್ರಿ ಮಕ್ಕಳ್ರಾ, ಇತ್ತಾಗ ಸರದು ಕುಂದರ್ರಿ, ಗೌರಿ ಸುದ್ದಿ ಹೇಳ್ತೀನಿ.

ಸ್ವಾತಂತ್ರ್ಯ ಬಂದ ಹೊಸದರಾಗ ನಾ ಕುರುಗೋಡಿಂದ ಬಂದು ಬಳ್ಳಾರಿ ದವಾಖಾನಿಯೊಳಗ ಆಯಾ ಆಗಿದ್ದೆ. ಒಂದಿನ ಸಿರುಗುಪ್ಪದಾಕಿ ಒಬ್ಬಾಕಿ ಆರು ವರ್ಷದ ಮಗಳು ಗೌರಿನ್ನ ಹೊತಗೊಂಡು ಬಂದ್ಲು. ಹುಡುಗಿ ಮಾರಿ ಉಬ್ಬಿತ್ತು.

"ಮೈ ತುಂಬಿಕೊಂಡಾಳ ಅಂತ ತಿಂಗಳಗಟ್ಲೆ ದೃಷ್ಟಿ ತೆಗದೆ ಯಕ್ಕಾ," ಅಂದ್ಲು ತಾಯಿ.

ಡಾಕ್ಟ್ರು ಎಲ್ಲಿ ಒತ್ತಿ ಕೇಳಿದ್ರೂ ಗೌರಿ "ನೋವಿಲ್ರಿ" ಅಂತಿದ್ಲು. ನೋವಂದ್ರ ಹೊಟ್ಟಿ ಕೊಯ್ತಾರ ಅಂತ ತಾಯೇ ಹೆದರಿಸಿದ್ಲಂತ. ನಾ ಹಳೇ ಸೀರಿ ತುಂಡಿಲೆ ಒಂದು ಗೊಂಬಿ ಕಟ್ಟಿ ಆಕಿ ಕೈಯಾಗ ಕೊಟ್ಟೆ.

"ಲೇ ಗೌರಿ, ಈಕಿ ಭಾಳ ಮೊಂಡಿ, ನೋವಿದ್ರೂ ಹೇಳವಲ್ಲಳು. ಎಲ್ಲಿ ನೋವೈತಿ ನೀನೇ ಹೇಳು."

ಗೌರಿ ಗೊಂಬಿನ ಬೋರಲ ಹಾಕಿ, ಸೊಂಟದ ಮ್ಯಾಲೆ ಬೆರಳಿಟ್ಲು. "ಇಲ್ಲಿ. ಉಚ್ಚಿನೂ ಕೆಂಪಗ ಹೋಗ್ತಾಳ. ಅವ್ವಗ ಹೇಳಬ್ಯಾಡ."

"ಮೂತ್ರಪಿಂಡ ಕೆಟ್ಟೈತಿ. ಭಾಳ ತಡ ಆತು," ಅಂದ್ರು ಡಾಕ್ಟ್ರು.

ಎಂಟನೇ ದಿನ ಗೌರಿ ತೀರಿಹೋದ್ಲು. ತಾಯಿ ಗೊಂಬಿ ಅವುಚಿಕೊಂಡು ಸಿರುಗುಪ್ಪದ ಮೋಟರ್ ಹತ್ತಿದ್ಲು. ಮುಂದ ಯಾರ ಕೂಸಿಗೂ ದುಂಡಗಾಗೈತಿ ಅನ್ನಲಿಲ್ಲಂತ. ಡಾಕ್ಟ್ರು ನನ್ನ ಕಡಿಂದ ಅಲ್ಲಿ ಕೂಸುಗಳನ್ನ ಕೇಳಾಕ ಅಂತ ಇನ್ನೊಂದು ಗೊಂಬಿ ಕಟ್ಟಿಸಿಕೊಂಡು ಮದ್ರಾಸಿಗೆ ಹೋದ್ರು. ನಾ ಇಲ್ಲೇ ಅದೀನಿ. ಸೊಂಟ ಹಿಡದ್ರೂ ಏನಿಲ್ಲ ಅಂತೀನಿ. ಆವಾಗ ನಿಮ್ಮೊಳಗಿನ ಈ ಸಣ್ಣಾಕಿ ತನ್ನ ಗೊಂಬಿ ತಂದು ನನ್ನ ಮುಂದ ಇಡ್ತಾಳ.