ಮಿನೆಕೊ ಅಕ್ಕನ ಸ್ಕೀ ರಜೆ

ನಮ್ಮ ತಾಕಾಹಿರಾಕ್ಕೆ ಸ್ಕೀ ಆಡಲು ಬಂದವರು ಯಾರ ಮನೆಯಲ್ಲಿ ಮಲಗಬೇಕು ಎಂದು ಬಹಳ ವರ್ಷ ತೀರ್ಮಾನಿಸುತ್ತಿದ್ದವರು ಮಿನೆಕೊ ಹೋಸಾಕಾ. ಬಸ್ ನಿಲ್ದಾಣದ ಪಕ್ಕದಲ್ಲಿ ವಸತಿಮನೆಯವರ ಸಂಘದ್ದೊಂದು ಪುಟ್ಟ ಕೋಣೆ ಇತ್ತು. ಅದರ ಕಿಟಕಿಯ ಹಿಂದೆ ಸೀಮೆಎಣ್ಣೆ ಒಲೆ, ಒಲೆಯ ಮೇಲೆ ಕೆಟಲ್, ಕೆಟಲಿನ ಹಿಂದೆ ಮಿನೆಕೊ ಅಕ್ಕ. ಬಸ್ಸಿನಿಂದ ಇಳಿದವರು ಹಿಮ ಕೊಡವಿಕೊಂಡು ಬಂದರೆ ಅಕ್ಕ ಮೊದಲು ಅವರ ಬೂಟು ನೋಡುತ್ತಿದ್ದರು, ಆಮೇಲೆ ಮುಖ.

"ಗುಡ್ಡ ಹತ್ತಿಸೋ ಲಿಫ್ಟಿಗೆ ಹತ್ರ ಇರ್ಬೇಕು, ಬಿಸಿನೀರಿನ ಬುಗ್ಗೆ ಮನೆಯೊಳಗೇ ಇರ್ಬೇಕು, ಊಟ ಚೆನ್ನಾಗಿರ್ಬೇಕು, ಗಲಾಟೆ ಇರ್ಬಾರ್ದು," ಎಂದು ಟೋಕಿಯೋದಿಂದ ಬಂದವರೊಬ್ಬರು ಬೆರಳು ಮಡಿಚುತ್ತ ಹೋದರೆ, ಅಕ್ಕ ಮಧ್ಯದಲ್ಲೇ ತಡೆಯುತ್ತಿದ್ದರು.

"ಅಂಥಾ ಮನೆ ಇದ್ದಿದ್ರೆ ನಾನ್ಯಾಕೆ ಇಲ್ಲಿ ಕೂತಿರ್ತಿದ್ದೆ ಸ್ವಾಮಿ, ಅಲ್ಲೇ ಹೋಗಿ ಮಲಗಿರ್ತಿದ್ದೆ. ಎರಡು ಕೇಳಿ, ಕೊಡ್ತೀನಿ. ಮೂರನೇದು ನಿಮ್ಮ ಹಣೆಬರಹ."

ಅಕ್ಕನ ಆಯ್ಕೆ ಯಾವಾಗಲೂ ಸರಿಹೋಗುತ್ತಿತ್ತು ಎಂದೇನಲ್ಲ. ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಒಮ್ಮೆ ಹೈಸ್ಕೂಲಿನ ಕುಸ್ತಿ ತಂಡ ಇಳಿದಿದ್ದ ಮನೆಗೇ ಕಳಿಸಿಬಿಟ್ಟಿದ್ದರು. ನಡುವೆ ಇದ್ದದ್ದು ಬರೀ ಕಾಗದದ ಬಾಗಿಲು. ಮರುದಿನ ಗಂಡ ಕೆಂಗಣ್ಣು ಮಾಡಿಕೊಂಡು ಕಿಟಕಿಗೆ ಬಂದಾಗ ಅಕ್ಕ, "ಆ ಹುಡುಗರು ಬೆಳಗ್ಗೆ ಎದ್ದು ನಿಮ್ಮ ಬಾಗಿಲ ಮುಂದಿನ ಹಿಮ ಎಲ್ಲಾ ಎತ್ತಿಹಾಕಿದ್ರಂತೆ. ದೊಡ್ಡ ಹೋಟೆಲಲ್ಲಿ ಈ ಸೇವೆ ಸಿಗುತ್ತಾ?" ಎಂದು ಕೇಳಿದರು.

ನಾನು ಸೊಸೆಯಾಗಿ ಬಂದದ್ದು ಕಿಜಿಯಾ ಎಂಬ ವಸತಿಮನೆಗೆ. ಅದು ಊರಿನ ಅತಿ ಎತ್ತರದ ಏರಿನಲ್ಲಿದೆ. ನಮ್ಮಲ್ಲಿಗೂ ಜನರನ್ನು ಕಳಿಸಲಿ ಎಂದು ಸೊಪ್ಪಿನ ಉಪ್ಪಿನಕಾಯಿಯ ಜಾಡಿ ಹಿಡಿದು ಹೋಗುತ್ತಿದ್ದೆ. ಅಕ್ಕ ಚಹಾದ ಜೊತೆ ಅಷ್ಟನ್ನೂ ತಿಂದು, ಬೆರಳು ಚೀಪಿ, "ಚೆನ್ನಾಗಿದೆ ಕಣೆ ಸೆತ್ಸು. ಆದ್ರೆ ನಿನ್ನ ಏರು ಹತ್ತೋ ಮೊಣಕಾಲು ಇವತ್ತಿನ ಬಸ್ಸಲ್ಲಿ ಒಂದೂ ಬರ್ಲಿಲ್ಲ," ಎನ್ನುತ್ತಿದ್ದರು.

ಬರಬರುತ್ತ ಜನ ತಮ್ಮ ಮನೆಯಲ್ಲೇ ಕೂತು ಫೋನಿನಲ್ಲಿ ಕೋಣೆ ಆರಿಸತೊಡಗಿದರು. ಕಿಟಕಿ ಮುಚ್ಚುವುದೆಂದಾಯಿತು. ಬೀಳ್ಕೊಡುಗೆಯ ದಿನ ಸಂಘದ ಅಧ್ಯಕ್ಷ ಕುರಾಶಿನಾ ಅಕ್ಕಿಯ ಮದ್ಯ ಸಾಕೆ ಕುಡಿದು ಮುಖ ಕೆಂಪಗೆ ಮಾಡಿಕೊಂಡು ಎದ್ದು ನಿಂತರು. "ಊರಿಗೆಲ್ಲಾ ರಜೆ ಹಂಚಿದ ನಮ್ಮ ಮಿನೆಕೊ ಅಕ್ಕ ಒಂದು ದಿನಾನೂ ಸ್ಕೀ ರಜೆ ಮಾಡಿಲ್ಲ. ಖರ್ಚು ಸಂಘದ್ದು. ಯಾವ ಮನೆ ಬೇಕೋ ಅವರೇ ಆರಿಸ್ಕೊಳ್ಳಲಿ!"

ಚಪ್ಪಾಳೆ ಜೋರಾಗಿಯೇ ಶುರುವಾಯಿತು. ಆಮೇಲೆ ಒಬ್ಬೊಬ್ಬರಿಗೂ ವಿಷಯ ಹೊಳೆಯಿತು. ಈ ಹೆಂಗಸು ಯಾರ ಮನೆ ಆರಿಸುತ್ತಾರೋ ಅದೇ ತಾಕಾಹಿರಾದ ಒಳ್ಳೆಯ ಮನೆ ಎಂದಾಗುತ್ತದೆ! ಕೈಗಳು ನಿಧಾನವಾದವು. ಎಲ್ಲರೂ ಎಲ್ಲರನ್ನೂ ಓರೆಗಣ್ಣಿಂದ ನೋಡತೊಡಗಿದರು.

ಮರುದಿನದಿಂದಲೇ ಓಲೈಕೆ. ಕುರಾಶಿನಾ ತಮ್ಮ ವಸತಿಮನೆಯ ಹಾಸಿಗೆಗಳಿಗೆಲ್ಲ ಹೊಸ ಹೊದಿಕೆ ತರಿಸಿದರು. ಸೇತುವೆಯ ಬಳಿ ವಸತಿಮನೆ ನಡೆಸುವ ವಿಧವೆ ಫುಸಾ ಎಳ್ಳಷ್ಟೂ ದೋಷ ಹುಡುಕಲಾಗದ ಕಡುಬು ಮಾಡಿ ಕಳಿಸಿದಳು. ಅಕ್ಕನ ಮನೆಯ ಚಾವಣಿಯ ಹಿಮ ಎತ್ತಲು ಒಂದೇ ಬೆಳಗ್ಗೆ ಎರಡು ಮನೆಯವರು ಸಲಿಕೆ ಹಿಡಿದು ಹತ್ತಿದರು. ನಾನು ಮೊದಲು, ತಾನು ಮೊದಲು ಎಂದು ಮೇಲೆ ಜಗಳವಾಗಿ, ಅರ್ಧ ಚಾವಣಿಯ ಹಿಮ ಕೆಳಗೆ ನಿಂತಿದ್ದ ಅಕ್ಕನ ಗಂಡ ಕತ್ಸುಜಿಯ ತಲೆ ಮೇಲೆ ಬಿತ್ತು. ಲಿಫ್ಟ್ ರಿಪೇರಿಯ ಕೆಲಸದಲ್ಲಿ ಮಾತು ಮರೆತಿದ್ದ ಮನುಷ್ಯ ಅವರು. ಕನ್ನಡಕ ಹುಡುಕಿ ಹಾಕಿಕೊಂಡು ಒಳಗೆ ಹೋದರು, ಅಷ್ಟೇ.

ನಾನೂ ಜಾಡಿ ಹಿಡಿದು ಹೋದೆ. ಅಕ್ಕ ಕೊತಾತ್ಸು ಮೇಜಿನ ಬೆಚ್ಚನೆಯ ಹೊದಿಕೆಯೊಳಗೆ ಕಾಲು ಚಾಚಿ, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು.

"ಕುರಾಶಿನಾ ಮನೆಗೆ ಹೋದ್ರೆ ಫುಸಾ ಮುಖ ತಿರುಗಿಸ್ತಾಳೆ. ಫುಸಾ ಮನೆಗೆ ಹೋದ್ರೆ ನೀನು ತಿರುಗಿಸ್ತೀಯ. ನಿನ್ನ ಮನೆಗೆ ಬಂದ್ರೆ ನನ್ನ ಮೊಣಕಾಲೇ ತಿರುಗುತ್ತೆ."

"ಮನೇಲೇ ಮಲ್ಕೋ," ಎಂದರು ಕತ್ಸುಜಿ ಮೂಲೆಯಿಂದ.

"ನೀವು ಸುಮ್ನಿರಿ. ಜೀವಮಾನ ಎಲ್ಲಾ ಬೇರೆಯೋರಿಗೆ ಹಾಸಿಗೆ ಹುಡುಕಿದೀನಿ. ನನಗೊಂದು ಬೇಡ್ವಾ?"

ಒಂದು ವಾರ ಕಳೆದಿರಬೇಕು, ಬೆಳಗ್ಗೆ ಹೋದರೆ ಅಕ್ಕ ಮನೆಯಲ್ಲಿಲ್ಲ. ಕತ್ಸುಜಿ ಅಂಗಳದ ಹಿಮ ತಳ್ಳುತ್ತಿದ್ದರು.

"ಅಕ್ಕ ಎಲ್ಲಿ?"

"ರಜೆಗೆ ಹೋದ್ಳು."

"ಯಾರ ಮನೆಗೆ?"

ಕತ್ಸುಜಿ ಸಲಿಕೆಯನ್ನು ಎತ್ತಿ ಗುಡ್ಡದ ಕಡೆ ತೋರಿಸಿದರು. ಗುಡ್ಡದ ಆಚೆ ಇರುವುದು ಸೆಕಿನೊಸಾವಾ. ಅವರ ಹಿಮ ಒದ್ದೆ ಎಂದು ನಾವು ಆಡಿಕೊಳ್ಳುತ್ತೇವೆ. ನಮ್ಮ ಬುಗ್ಗೆಯಲ್ಲಿ ಮಿಂದರೆ ಮೈ ಕೊಳೆತ ಮೊಟ್ಟೆ ನಾರುತ್ತದೆ ಎಂದು ಅವರು ಆಡಿಕೊಳ್ಳುತ್ತಾರೆ. ಎಷ್ಟು ತಲೆಮಾರಿನಿಂದ ಎಂದು ಯಾರಿಗೂ ಗೊತ್ತಿಲ್ಲ.

ಸುದ್ದಿ ಕೇಳಿ ಕುರಾಶಿನಾ ಚಪ್ಪಲಿಯಲ್ಲೇ ರಸ್ತೆಗೆ ಓಡಿಬಂದರು. "ಸೆಕಿನೊಸಾವಾ? ಆ ಒದ್ದೆ ಊರಿಗಾ? ಅದೂ ನಮ್ಮ ಖರ್ಚಲ್ಲಿ!" ಕೂಗಾಡಿದ್ದೇನೋ ನಿಜ. ಆದರೆ ಪಕ್ಕದ ಮನೆಯವನು ಗೆಲ್ಲಲಿಲ್ಲವಲ್ಲ ಎಂಬ ನೆಮ್ಮದಿ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ನನಗೂ ಹಾಗೇ ಅನ್ನಿಸಿತು.

ಅಲ್ಲಿ ನಡೆದದ್ದನ್ನು ಅಕ್ಕನೇ ಆಮೇಲೆ ಹೇಳಿದರು. ಸೆಕಿನೊಸಾವಾದಲ್ಲಿ ಇನ್ನೂ ಕಿಟಕಿ ಇದೆ. ಅದರ ಹಿಂದೆ ಮಿಠಾಯಿ ಜಗಿಯುತ್ತ ಒಬ್ಬ ಹುಡುಗಿ. ಅಕ್ಕ ನಾಲಿಗೆಗೆ ಬಂದದ್ದನ್ನೆಲ್ಲ ಕೇಳಿದರು: ಗಲಾಟೆ ಇರಬಾರದು, ಬುಗ್ಗೆ ಒಳಗೇ ಇರಬೇಕು, ಊಟ ಚೆನ್ನಾಗಿರಬೇಕು, ಲಿಫ್ಟಿಗೆ ಹತ್ತಿರವಿರಬೇಕು.

"ಅಜ್ಜೀ, ಇದೆಲ್ಲಾ ಒಂದೇ ಕಡೆ ಸಿಗಲ್ಲ," ಎಂದಳಂತೆ ಹುಡುಗಿ, ತಲೆ ಕೂಡ ಎತ್ತದೆ.

"ಅಜ್ಜಿ ಅಂದ್ಲು ಕಣೆ! ಬೂಟು ನೋಡ್ಲಿಲ್ಲ, ಮುಖ ನೋಡ್ಲಿಲ್ಲ!"

ಹುಡುಗಿ ಕಳಿಸಿದ ಮನೆಯಲ್ಲಿ ನಗೋಯಾದ ನರ್ಸಮ್ಮಂದಿರ ಒಂದು ದಂಡೇ ಇಳಿದಿತ್ತು. ಊಟ ಮುಗಿಯುವ ಮೊದಲೇ ಹಾಡು ಶುರು. ಗಲಾಟೆ ತಡೆಯಲಾರದೆ ಬೈಯಲು ಹೋದ ಅಕ್ಕನ ಕೈಗೆ ಯಾರೋ ಮೈಕ್ ಕೊಟ್ಟರು. ಕೊಟ್ಟ ಮೇಲೆ ಅದನ್ನು ಅಕ್ಕನಿಂದ ವಾಪಸು ತೆಗೆದುಕೊಳ್ಳಲು ನರ್ಸಮ್ಮಂದಿರಿಗೆ ಆಗಲಿಲ್ಲವಂತೆ.

ಮರುದಿನ ಅದೇ ದಂಡು ಅಕ್ಕನ ಕಾಲಿಗೆ ಸ್ಕೀ ಕಟ್ಟಿತು. ಇಳಿಜಾರಿನ ಬುಡದಲ್ಲೇ ಹುಟ್ಟಿ ಬೆಳೆದರೂ ಅಕ್ಕ ಅಲ್ಲಿಯವರೆಗೆ ಸ್ಕೀ ಮೆಟ್ಟಿದವರಲ್ಲ. ಹಿಂದಿನಿಂದ ಒಬ್ಬಳು ಮೆಲ್ಲಗೆ ತಳ್ಳಿದಳು. ತಿರುಗುವುದು ಹೇಗೆ, ನಿಲ್ಲುವುದು ಹೇಗೆ ಒಂದೂ ತಿಳಿಯದೆ ನೆಟ್ಟಗೆ ಜಾರಿ, ಮಕ್ಕಳಿಗೆ ಪಾಠ ಹೇಳುತ್ತಿದ್ದ ಸ್ಕೀ ಮೇಷ್ಟ್ರನ್ನು ಕೆಡವಿ, ಅವರ ಮೇಲೇ ಕೂತರು.

"ಏಟಾಯ್ತಾ ಮೇಷ್ಟ್ರೇ?"

"ಮೊದಲು ಎದ್ದೇಳಿ ತಾಯಿ. ಯಾವೂರು ನಿಮ್ದು?"

ಅಕ್ಕನಿಗೆ ಊರಿನ ಮಾನ ನೆನಪಾಯಿತು. "ಒಸಾಕಾ," ಎಂದುಬಿಟ್ಟರು.

"ಹೌದಾ? ಮಾತು ಮಾತ್ರ ಗುಡ್ಡದಾಚೆಯೋರ ಥರಾನೇ ಇದೆ!"

ಅಕ್ಕ ವಾಪಸು ಬಂದ ದಿನ ಅವರ ಕೊತಾತ್ಸು ಸುತ್ತ ಕಾಲಿಡಲು ಜಾಗವಿರಲಿಲ್ಲ. ಕುರಾಶಿನಾ ಕೈ ಕಟ್ಟಿ ವಿಚಾರಣೆ ಶುರುಮಾಡಿದರು.

"ಹಿಮ ಹೇಗಿತ್ತು?"

"ಒದ್ದೆ."

ಎಲ್ಲರ ಮುಖವೂ ಅರಳಿತು.

"ಊಟ?"

ಅಕ್ಕ ಚಹಾ ಬಟ್ಟಲು ಕೆಳಗಿಟ್ಟರು. "ಬೆಳಗ್ಗೆ ತಿಂಡಿಗೆ ಕಾಡುಗೆಣಸು ಗಂಜಿ ಥರಾ ತುರಿದು ಬಿಸಿ ಅನ್ನದ ಮೇಲೆ ಹುಯ್ದಿದ್ರು. ಪಕ್ಕದಲ್ಲಿ ಸುಟ್ಟ ಮೀನು. ಮತ್ತೆ ಮತ್ತೆ ಹಾಕಿಸ್ಕೊಂಡೆ."

ನನಗೆ ತಡೆಯಲಾಗಲಿಲ್ಲ. "ಉಪ್ಪಿನಕಾಯಿ?"

ಅಕ್ಕ ನನ್ನನ್ನು ಕನಿಕರದಿಂದ ನೋಡಿದರು. "ಸೆತ್ಸು, ಅದೊಂದು ಕೇಳ್ಬೇಡ."

ಕುರಾಶಿನಾ ಎದ್ದು ಹೊರಟೇಹೋದರು. ಆಗ ಫುಸಾ ಸಣ್ಣ ದನಿಯಲ್ಲಿ ಕೇಳಿದಳು: "ಅಕ್ಕಾ, ನೀವು ಕೂತೇ ಇದ್ರಾ? ಅವರು ತಂದು ಬಡಿಸಿದ್ರಾ?"

"ಹೂಂ. ತಟ್ಟೆ ಕೂಡ ಅವರೇ ಎತ್ಕೊಂಡು ಹೋದ್ರು."

"ನಾನು ಈ ಊರಿಗೆ ಬಂದ ಮೇಲೆ ಇನ್ನೊಬ್ಬರು ಬಡಿಸಿದ ತಿಂಡಿ ತಿಂದೇ ಇಲ್ಲ," ಎಂದಳು ಫುಸಾ. ಅವಳ ಕಣ್ಣು ತುಂಬಿತ್ತು. ಲೆಕ್ಕ ಹಾಕಿದರೆ ನಾನೂ ತಿಂದಿರಲಿಲ್ಲ. ಕುರಾಶಿನಾರ ಹೆಂಡತಿ ತಾಮಾಯೊ ಅಂತೂ ಜ್ವರ ಬಂದಾಗಲೂ ಎದ್ದು ಅತಿಥಿಗಳಿಗೆ ಅನ್ನ ಮಾಡಿದವಳು.

ಚಳಿಗಾಲ ಮುಗಿಯುತ್ತ ಬಂದು ಅತಿಥಿಗಳು ವಿರಳವಾದಾಗ ನಾವು ವಸತಿಮನೆಗಳ ಹೆಂಗಸರು ಅಕ್ಕನನ್ನು ಮುಂದೆ ಮಾಡಿಕೊಂಡು ಗುಡ್ಡದಾಚೆಯ ಬಸ್ಸು ಹತ್ತಿದೆವು. ಎಲ್ಲಿ ಇಳಿದುಕೊಳ್ಳುವುದು ಎಂದು ದಾರಿಯುದ್ದಕ್ಕೂ ಕಿತ್ತಾಡಿದೆವು. ಫುಸಾಗೆ ಮಂಚ ಬೇಕಿತ್ತು, ತಾಮಾಯೊಗೆ ಅಡುಗೆಮನೆ ಕಣ್ಣಿಗೇ ಬೀಳಬಾರದಿತ್ತು. ಅಂತೂ ಒಂದು ಕಡೆ ಇಳಿದೆವು. ಮರುದಿನ ಬೆಳಗ್ಗೆ ನಾವು ಕಾಲು ಮಡಿಚಿ ತಿಂಡಿಗೆ ಕಾದು ಕೂತಿದ್ದಾಗ ತಾಮಾಯೊಗೆ ಕುರಾಶಿನಾರ ಫೋನು ಬಂತು.

"ಲೇ, ಸಾರಿಗೆ ಹಾಕೋ ಮಿಸೊ ಡಬ್ಬ ಎಲ್ಲಿಟ್ಟಿದ್ದೀಯ? ಇಲ್ಲಿ ಅತಿಥಿಗಳು ಕೂತಿದಾರೆ!"

"ಹುಡುಕಿ," ಎಂದಳು ತಾಮಾಯೊ. ಫೋನು ಇಟ್ಟು, ಬಡಿಸುವವಳ ಮುಂದೆ ಬಟ್ಟಲು ಚಾಚಿದಳು.

ಈಗ ಹೆಂಗಸರ ಈ ರಜೆ ವರ್ಷ ವರ್ಷವೂ ನಡೆಯುತ್ತದೆ. ಗಂಡಸರು ಗೊಣಗುತ್ತಲೇ ಮಿಸೊ ಸಾರು ಕಲಿತಿದ್ದಾರೆ. ಮಿನೆಕೊ ಅಕ್ಕನಿಗೆ ಎಪ್ಪತ್ತು ದಾಟಿದೆ. ಸ್ಕೀ ಬಿಟ್ಟಿಲ್ಲ. ಎಡಕ್ಕೆ ತಿರುಗುವುದು ಬರುತ್ತದೆ, ಬಲಕ್ಕೆ ಇನ್ನೂ ಬರುವುದಿಲ್ಲ. ಹಾಗಾಗಿ ಎಡಕ್ಕೇ ತಿರುಗುವ ಇಳಿಜಾರು ಎಲ್ಲಿದೆ ಎಂದು ಮೊದಲು ವಿಚಾರಿಸಿ, ಅದಕ್ಕೆ ಹತ್ತಿರದ ಮನೆಯನ್ನೇ ಹಿಡಿಯುತ್ತಾರೆ.